ಮಂಜರಾಬಾದಿನ ತೋಟಗಾರ

ಪರದೇಶದಲ್ಲಿ ಅಧಿಕಾರ ನಡೆಸಿದವನ ಆಡಳಿತರೀತಿ ಹೇಗೆ ಮಾರ್ಪಡುತ್ತದೆಂಬುದಕ್ಕೆ ನಿದರ್ಶನವು ನಮ್ಮ ಸೀಮೆಯಲ್ಲಿಯೇ ದೊರೆಯುತ್ತದೆ. ಅರಸೀಕೆರೆಯ ತೆಂಗಿನ ಬಯಲನ್ನು ಬಿಟ್ಟು, ಹಳೇಬೀಡು ಬೇಲೂರುಗಳನ್ನು ಹಾದು ಪಶ್ಚಿಮಾಭಿಮುಖವಾಗಿ ಸಾಗಿದರೆ, ಮಳೆ ಹೆಚ್ಚುತ್ತ, ನೆಲವು ಏರುತ್ತ ಕಾಫಿತೋಟಗಳು ಮೊದಲಾಗುತ್ತವೆ. ಅಲ್ಲಿಗೆ ನೆರೆಯದಾದ ಮಂಜರಾಬಾದಿಗೆ, ಇಂದಿನ ಸಕಲೇಶಪುರದ ಸೀಮೆಗೆ, 1850ರ ದಶಕದ ಮಧ್ಯಭಾಗದಲ್ಲಿ ರಾಬರ್ಟ್ ಎಚ್. ಎಲಿಯಟ್ ಎಂಬ ತರುಣನು ಬಂದು ತೋಟಗಾರನಾಗಿ ನೆಲೆಸಿದನು.

ಬಿಳಿಯ ದೊರೆಗಳು ಆಜ್ಞೆ ಕೊಡುವುದನ್ನು ಬಲ್ಲವರಾಗಿ ಬಂದರು. ಆದರೆ ಕಾಫಿಯ ಗಿಡವು ಆಜ್ಞೆಗೆ ಒಳಪಡತಕ್ಕದ್ದಲ್ಲ. 1860ರ ದಶಕದಲ್ಲಿ ಕಾಂಡಕೊರಕ ಹುಳುವು ತೋಟಗಳನ್ನು ಮುತ್ತಿತು. ಬಿಸಿಲು ಬೀಳುವ ಕಾಂಡಗಳಲ್ಲಿಯೇ ಅದು ಹೆಚ್ಚಾಗಿ ಮೊಟ್ಟೆಯಿಡುವುದರಿಂದ, ನೆರಳನ್ನು ಕಡೆಗಣಿಸಿದವರು ಅಧಿಕ ನಷ್ಟಕ್ಕೆ ಗುರಿಯಾದರು. ಎಲಿಯಟ್ಟನು ನೆರಳಿನ ದೃಢ ಪಕ್ಷಪಾತಿಯಾದನು. 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿಗಳನ್ನು ಕುರಿತು ಆತನು ಪ್ರಕಟಿಸಿದ ಗ್ರಂಥದಲ್ಲಿ ಗೋಣಿ, ಬಸರಿ ಮೊದಲಾದ ನೆರಳಿನ ಮರಗಳು ತಮ್ಮ ಕನ್ನಡ ಹೆಸರುಗಳಿಂದಲೇ ಉಲ್ಲೇಖಗೊಂಡಿರುವುದನ್ನು ಕಂಡಾಗ, ಈ ವಿದ್ಯೆಯನ್ನು ಆತನು ಯಾರಿಂದ ಕಲಿತನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೆಲವೇ ವರ್ಷಗಳ ಮಟ್ಟಿಗೆ ಬಂದು ಹೋಗುವ ಅಧಿಕಾರಿಗೆ ಈ ಕಲಿಕೆ ದುರ್ಲಭ. ನೆಟ್ಟ ಮರವು ನೆರಳು ಕೊಡುವ ತನಕ ಕಾದಿದ್ದವನಿಗೆ ಮಾತ್ರ ಅದು ಲಭಿಸುತ್ತದೆ.

ಜನರ ವಿಷಯದಲ್ಲಿ ಈ ಕಲಿಕೆ ಅರ್ಧಕ್ಕೇ ನಿಂತಿತೆಂದು ನನ್ನ ಅಭಿಪ್ರಾಯ. 1871ರಲ್ಲಿ ಹೊರಬಂದ ತನ್ನ ಮೊದಲ ಗ್ರಂಥದಲ್ಲಿ ಎಲಿಯಟ್ಟನು ಹಳ್ಳಿಯ ಜಾತಿಪದ್ಧತಿಯನ್ನು, ತನ್ನ ದೇಶದವರ ಸಾಮಾನ್ಯ ಅಭಿಪ್ರಾಯಕ್ಕೆ ವಿರುದ್ಧವಾಗಿ, ಸಮರ್ಥಿಸಿದನು. ನೆರೆಯ ಗೌಡರ ಬಾಳನ್ನು ಆದರದಿಂದ ನೋಡಿದ ಆ ಕಣ್ಣು, ಮೇಸ್ತ್ರಿಯ ಮುಂಗಡಕ್ಕೆ ಕಟ್ಟುಬಿದ್ದು ಮಳೆಯಲ್ಲಿ ದುಡಿಯುತ್ತಿದ್ದ ಆಳಿನ ದೃಷ್ಟಿಯಿಂದಲೂ ಅದೇ ವ್ಯವಸ್ಥೆಯನ್ನು ನೋಡಬೇಕಾಗಿತ್ತು. ತನಗೆ ಅನುಕೂಲವಾದ ದೇಶಾಚಾರವನ್ನು ಮಾತ್ರ ಗೌರವಿಸುವುದು ಪರದೇಶದ ಆಡಳಿತಗಾರನಿಗೆ ಸುಲಭವಾಗಿ ಅಂಟುವ ದೋಷ. ಇಂದು ಬೆಂಗಳೂರಿಗೆ ಬರುವವರೂ, ಬೆಂಗಳೂರಿನಿಂದ ಹೊರದೇಶಗಳಿಗೆ ಹೋಗುವವರೂ ಇದಕ್ಕೆ ಹೊರತಲ್ಲ.

ಆದರೂ ಮಣ್ಣಿನ ಪಾಠವನ್ನು ಆತನು ಸ್ಕಾಟ್ಲೆಂಡಿನಲ್ಲಿಯೂ ಮರೆಯಲಿಲ್ಲ. ಅಲ್ಲಿನ ಗಡಿನಾಡಿನ ತನ್ನ ಕ್ಲಿಫ್ಟನ್ ಪಾರ್ಕ್ ಜಮೀನಿನಲ್ಲಿ, ಕೊಂಡುತಂದ ಗೊಬ್ಬರವನ್ನೇ ನೆಚ್ಚದೆ, ಚಿಕೋರಿಯಂತಹ ಆಳವಾಗಿ ಬೇರೂರುವ ಸಸ್ಯಗಳನ್ನು ಹುಲ್ಲಿನೊಡನೆ ಬಿತ್ತಿ, ಕೆಲವು ವರ್ಷ ಹಾಗೆಯೇ ಬೆಳೆಯಗೊಟ್ಟು, ಬಳಿಕ ಉತ್ತು, ನೆಲದ ಸಾರವನ್ನು ಹೆಚ್ಚಿಸಿದನು. ಎಲೆ ಉದುರಿ ಕೊಳೆತು ಮಣ್ಣಾಗುವ ಮಲೆನಾಡಿನ ತೋಟಕ್ಕೂ ಈ ಕ್ರಮಕ್ಕೂ ಸಂಬಂಧವಿರಬೇಕೆಂದು ಊಹಿಸುವುದು ಸಹಜ. 1898ರಲ್ಲಿ ಆತನು ಈ ಕೃಷಿಕ್ರಮವನ್ನು ಗ್ರಂಥರೂಪಕ್ಕೆ ತಂದನು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಹುಲ್ಲುಗಾವಲಿನ ತಜ್ಞ ಜಾರ್ಜ್ ಸ್ಟೇಪಲ್‌ಡನ್ನರ ಪೀಠಿಕೆಯೊಂದಿಗೆ ಆ ಗ್ರಂಥವು ಮರುಮುದ್ರಣಗೊಂಡಿತು.