ಮೀನಿಲ್ಲದ ಆರು ವಾರ

ಮಂಗಳೂರಿನವರಿಗೆ ಸಮುದ್ರ ದೂರವಿಲ್ಲ. ಪಣಂಬೂರಿನಿಂದ ಎರಡು ಕ್ಯಾನ್ ನೀರು ತಂದು ಗಾಜಿನ ತೊಟ್ಟಿಗೆ ಸುರಿದು, ಅಂಗಡಿಯಿಂದ ಒಂದು ‘ನೀಮೊ’ ತಂದು ಬಿಟ್ಟರೆ ಆಯಿತಲ್ಲ ಎಂದು ನನ್ನ ಕ್ಲಾಸಿನವರೇ ಹಲವರು ಕೇಳಿದ್ದಾರೆ. ಹಾಗೆ ಬಿಟ್ಟ ಮೀನು ಹೆಚ್ಚಾಗಿ ಒಂದೆರಡು ವಾರದೊಳಗೆ ಸಾಯುತ್ತದೆ. ನೀರು ತಿಳಿಯಾಗಿಯೇ ಇರುತ್ತದೆ, ಮೀನು ಮಾತ್ರ ತಳದಲ್ಲಿ ಬಿದ್ದಿರುತ್ತದೆ. ಅಂಗಡಿಯವರು ಕೆಟ್ಟ ಮೀನು ಕೊಟ್ಟರು ಎಂದು ಬೈದು, ಇನ್ನೊಂದು ತರುತ್ತೇವೆ. ಅದೂ ಸಾಯುತ್ತದೆ.

ಕಾರಣ ಅಮೋನಿಯಾ. ಮೀನು ಕಿವಿರುಗಳ ಮೂಲಕ ಸದಾ ಅಮೋನಿಯಾ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ಅಷ್ಟು ದೊಡ್ಡ ಸಮುದ್ರದಲ್ಲಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. 40 ಲೀಟರ್ ನೀರಿನಲ್ಲಿ ಹೋಗಲು ಜಾಗವೆಲ್ಲಿ? ಅದರ ಮೇಲೆ ಸಮುದ್ರದ ನೀರಿನ ಪಿಎಚ್ 8.2ರ ಹತ್ತಿರ ಇರುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ಹೆಚ್ಚಿನ ಭಾಗ ವಿಷಕಾರಿ ರೂಪದಲ್ಲೇ ಉಳಿಯುತ್ತದೆ. ಹಾಗಾಗಿ ಸಿಹಿನೀರಿನ ಗೋಲ್ಡ್ ಫಿಶ್ ತೊಟ್ಟಿಯಲ್ಲಿ ನಡೆದುಹೋಗುವ ಉದಾಸೀನ ಇಲ್ಲಿ ನಡೆಯುವುದಿಲ್ಲ.

ಇದನ್ನು ಸರಿಪಡಿಸುವ ಕೆಲಸ ಬ್ಯಾಕ್ಟೀರಿಯಾದ್ದು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸಾಧಾರಣ ಪ್ರಮಾಣದಲ್ಲಿ ಮೀನಿಗೆ ಅಷ್ಟೇನೂ ಅಪಾಯವಲ್ಲ. ಮಣ್ಣಿನಲ್ಲಿಯೂ ಇದೇ ಕೆಲಸ ನಡೆಯುತ್ತದೆ. ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಇಂಥ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ನಾವು ಕಾಮರ್ಸ್‌ನವರು ಇದನ್ನು ಮೂರು ಖಾತೆಗಳ ಹಾಗೆ ನೋಡಬಹುದು. ಒಂದು ಖಾತೆಯಿಂದ ಇನ್ನೊಂದಕ್ಕೆ ಮೊತ್ತ ವರ್ಗವಾಗುತ್ತದೆ, ಏನೂ ಮಾಯವಾಗುವುದಿಲ್ಲ. ಕೊನೆಯ ಖಾತೆಯಲ್ಲಿ ಸೇರಿದ ನೈಟ್ರೇಟ್ ಹೊರಗೆ ಹೋಗಬೇಕಾದರೆ ನಾವೇ ನೀರು ಬದಲಿಸಬೇಕು. ಮೀನು ತರುವ ಮೊದಲು ಈ ಎರಡೂ ಗುಂಪುಗಳನ್ನು ತೊಟ್ಟಿಯಲ್ಲಿ ಬೆಳೆಸಿಕೊಳ್ಳುವುದಕ್ಕೆ ‘ಸೈಕ್ಲಿಂಗ್’ ಎನ್ನುತ್ತಾರೆ. ಪೆಡಲಿಗೂ ಇದಕ್ಕೂ ಸಂಬಂಧವಿಲ್ಲ.

ಈಗ ನೀರಿನ ವಿಷಯ. ನಮ್ಮ ದಡದ ನೀರನ್ನು ನಾನು ಶಿಫಾರಸು ಮಾಡುವುದಿಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳು ಬೆಂಗ್ರೆಯ ಅಳಿವೆಬಾಗಿಲಿನಲ್ಲಿ ಸಮುದ್ರ ಸೇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಡದ ಹತ್ತಿರ ನೀರಿನ ಉಪ್ಪು ಇಳಿದುಬಿಡುತ್ತದೆ, ಕೆಸರೂ ಇರುತ್ತದೆ. ಬಂದರಿನ ಪಕ್ಕವಾದರೆ ಎಣ್ಣೆಯ ಭಯ ಬೇರೆ. ಆರ್‌ಒ ನೀರಿಗೆ ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪು ಬೆರೆಸುವುದೇ ಒಳ್ಳೆಯದು. ಲೀಟರಿಗೆ ಸುಮಾರು 36 ಗ್ರಾಂ, ಅಂದರೆ 40 ಲೀಟರಿಗೆ ಹತ್ತಿರಹತ್ತಿರ ಒಂದೂವರೆ ಕಿಲೋ. ಹೈಡ್ರೋಮೀಟರಿನಲ್ಲಿ 1.025 ತೋರಿಸಬೇಕು. ಅಡುಗೆ ಉಪ್ಪು ಆಗುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದಷ್ಟು ಇರುವುದಿಲ್ಲ. ತುಂಬೆಯಿಂದ ಬರುವ ನಲ್ಲಿನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಾವು ಬೆಳೆಸಬೇಕೆಂದಿರುವುದನ್ನೇ ಅದು ಕೊಲ್ಲುತ್ತದೆ.

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಕಲ್ಲು, ಮರಳಿನ ಜಾಗ ಕಳೆದು ಆ 40 ಲೀಟರ್ ಹಿಡಿಯುತ್ತದೆ. ಕಲ್ಲು ಬರೀ ಅಲಂಕಾರಕ್ಕಲ್ಲ. ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವುದು ಕಡಿಮೆ, ಕಲ್ಲು, ಮರಳು, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬದುಕುತ್ತದೆ. ತೂತುಗಳು ಹೆಚ್ಚಿದ್ದಷ್ಟು ಒಳ್ಳೆಯದು. ಹಾಗೆಂದು ಹಿತ್ತಿಲಲ್ಲಿ ಬಿದ್ದ ಮುರಕಲ್ಲನ್ನು ಹಾಕಬೇಡಿ, ಅದರ ತುಂಬ ಕಬ್ಬಿಣ, ಕೆಂಪು ಹುಡಿ. ಅಂಗಡಿಯಲ್ಲಿ ಒಣ ಸುಣ್ಣಕಲ್ಲು ಅಥವಾ ಸೆರಾಮಿಕ್ ಕಲ್ಲು ಸಿಗುತ್ತದೆ. ಸಮುದ್ರದಿಂದ ಹವಳದ ತುಂಡು ತರುವುದಂತೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಗಿದೆ, ಅಂದರೆ ಹುಲಿ ಇರುವ ಪಟ್ಟಿಗೇ. ಮುರ್ಡೇಶ್ವರದ ಆಚೆ ನೇತ್ರಾಣಿಯಲ್ಲಿ ಡೈವಿಂಗ್ ಮಾಡಿ ಹವಳ ನೋಡಿ ಬರಬಹುದು, ಚೀಲದಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ.

ಹಾಲಿಗೆ ಹೆಪ್ಪು ಹಾಕುವ ಹಾಗೆ ಇಲ್ಲಿಯೂ ಹೆಪ್ಪು ಬೇಕು. ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡವರು ಪರಿಚಯವಿದ್ದರೆ ಅವರ ಹಳೆಯ ಸ್ಪಂಜಿನ ತುಂಡು, ಇಲ್ಲವೇ ಒಂದು ಹಿಡಿ ಮರಳು ಸಾಕು. ಬಾಟಲಿಯಲ್ಲಿಯೂ ಬ್ಯಾಕ್ಟೀರಿಯಾ ಮಾರುತ್ತಾರೆ, ತಾರೀಕು ನೋಡಿ ತೆಗೆದುಕೊಳ್ಳಬೇಕು. ಆದರೆ ಹಾಲು ಒಂದು ರಾತ್ರಿಯಲ್ಲಿ ಮೊಸರಾಗುತ್ತದೆ, ಇದು ಆಗುವುದಿಲ್ಲ. ಈ ಬ್ಯಾಕ್ಟೀರಿಯಾ ಒಂದಕ್ಕೆ ಎರಡಾಗಲು ಹಲವು ಗಂಟೆ, ಕೆಲವೊಮ್ಮೆ ಒಂದು ದಿನಕ್ಕಿಂತ ಹೆಚ್ಚು ಬೇಕು. ಒಟ್ಟು ಮೂರರಿಂದ ಆರು ವಾರ ಹಿಡಿಯುತ್ತದೆ.

ಅಷ್ಟು ದಿನ ಅದಕ್ಕೆ ಊಟ ಯಾರು ಹಾಕಬೇಕು? ಹಿಂದೆ ಗಟ್ಟಿ ಜೀವದ ಒಂದು ಮೀನನ್ನು ಬಿಟ್ಟು ಅದರ ಅಮೋನಿಯಾದಿಂದಲೇ ಕೆಲಸ ನಡೆಸುತ್ತಿದ್ದರು. ಮೀನು ಉಳಿದರೆ ಅದೃಷ್ಟ. ನನಗೆ ಇದು ಅನ್ಯಾಯವಾಗಿ ಕಾಣುತ್ತದೆ, ಅದರ ಅಗತ್ಯವೂ ಇಲ್ಲ. ದಕ್ಕೆಯಿಂದ ತಂದ ಒಂದು ಸಿಗಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟರೆ ಅದು ಕೊಳೆತು ಅಮೋನಿಯಾ ಕೊಡುತ್ತದೆ. ವಾಸನೆ ಮಾತ್ರ ಮನೆಯವರು ಸಹಿಸಬೇಕು. ಅಳತೆ ಸರಿಯಾಗಿ ಬೇಕೆನ್ನುವವರಿಗೆ ಅಮೋನಿಯಂ ಕ್ಲೋರೈಡ್ ಇದೆ. ಸೈನ್ಸ್‌ನವರು ಲ್ಯಾಬಿನಲ್ಲಿ ಸಾಲ್ಟ್ ಅನಾಲಿಸಿಸ್ ಮಾಡುವಾಗ ನೋಡುವ ಬಿಳಿ ಪುಡಿ. 10 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಇಟ್ಟುಕೊಂಡು, ಅದರಲ್ಲಿ 25 ಮಿಲಿಲೀಟರ್ ತೊಟ್ಟಿಗೆ ಹಾಕಿದರೆ 40 ಲೀಟರಿನಲ್ಲಿ ಅಮೋನಿಯಾ ಸುಮಾರು 2 ಪಿಪಿಎಂ ಆಗುತ್ತದೆ. ಹೆಚ್ಚು ಹಾಕಿದರೆ ಕೆಲಸ ಬೇಗ ಆಗುವುದಿಲ್ಲ. ಅತಿಯಾದರೆ ಬ್ಯಾಕ್ಟೀರಿಯಾಕ್ಕೇ ಅದು ತಡೆ.

ಇಲ್ಲಿಂದ ಮುಂದೆ ಕೆಲಸವೆಂದರೆ ನೋಟ್‌ಬುಕ್ ಬರೆಯುವುದು. ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್ಟಿನ ಹನಿಗಳನ್ನು ಹಾಕಿ ಬಣ್ಣ ನೋಡಬೇಕು. ಮೊದಲು ಅಮೋನಿಯಾ ಮಾತ್ರ ಕಾಣುತ್ತದೆ. ಅದು ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ. ನನ್ನ ಪುಸ್ತಕದಲ್ಲಿ ನೈಟ್ರೈಟ್ ಮೊದಲು ಕಂಡದ್ದು 9ನೇ ದಿನ. ನಂತರ ಅದು ಏರಿದಲ್ಲೇ ನಿಲ್ಲುತ್ತದೆ, ವಾರಗಟ್ಟಲೆ. ಎಲ್ಲರಿಗೂ ಬೇಸರ ಬರುವುದು ಇಲ್ಲೇ. ಅಮ್ಮಿ ಪ್ರತಿದಿನ ಖಾಲಿ ತೊಟ್ಟಿ ನೋಡಿ “ಮಛ್ಲಿ ಕಹಾಂ?” ಎಂದು ಕೇಳುತ್ತಿದ್ದರು. ಅದೇ ಸಮಯಕ್ಕೆ ಕಲ್ಲು, ಗಾಜಿನ ಮೇಲೆ ಕಂದು ಲೇಪ ಬರುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ತಾನಾಗಿ ಹೋಗುತ್ತದೆ. ಗಲೀಜು ಎಂದುಕೊಂಡು ಎಲ್ಲವನ್ನೂ ಹೊರಗೆ ತೆಗೆದು ನಲ್ಲಿಯಡಿ ಉಜ್ಜಿ ತೊಳೆದರೆ ಮತ್ತೆ ಮೊದಲನೇ ದಿನದಿಂದ ಶುರು ಮಾಡಬೇಕು. ಇನ್ನೊಂದು ಸೂಕ್ಷ್ಮವಿದೆ: ನೈಟ್ರೈಟ್ ಇರುವಾಗ ನೈಟ್ರೇಟ್ ಟೆಸ್ಟ್ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ಕೊನೆಗೆ ನೋಡಿದರೆ ಸಾಕು.

ಅಮೋನಿಯಾ ಸೊನ್ನೆಗೆ ಬಂದಾಗಲೆಲ್ಲ ಮತ್ತೆ ಸ್ವಲ್ಪ ಹಾಕಬೇಕು, ಇಲ್ಲದಿದ್ದರೆ ಬೆಳೆದ ಬ್ಯಾಕ್ಟೀರಿಯಾ ಹಸಿವಿನಿಂದ ಕುಗ್ಗುತ್ತದೆ. ಅದಕ್ಕೆ ಆಮ್ಲಜನಕವೂ ಬೇಕು. ಮಳೆಗಾಲದಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವ ಊರು ನಮ್ಮದು, ಬ್ಯಾಟರಿಯ ಒಂದು ಏರ್ ಪಂಪ್ ಇಟ್ಟುಕೊಳ್ಳಿ. ಆವಿಯಾದ ನೀರಿಗೆ ಬದಲು ಉಪ್ಪಿಲ್ಲದ ನೀರನ್ನೇ ತುಂಬಿಸಿ, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಬೇಸಗೆಯಲ್ಲಿ ನೀರು 30 ಡಿಗ್ರಿ ದಾಟಿದರೆ ಮೇಲೆ ಸಣ್ಣ ಫ್ಯಾನ್ ಇಡುವುದು ರೂಢಿ. ನಮ್ಮ ಗಾಳಿಯಲ್ಲಿ ತೇವ ಹೆಚ್ಚು, ಆದ್ದರಿಂದ ಇಲ್ಲಿ ಫ್ಯಾನಿನಿಂದ ಒಣ ಊರುಗಳಲ್ಲಿ ಆಗುವಷ್ಟು ತಂಪಾಗುವುದಿಲ್ಲ. ಮೀನು ತರುವ ಮೊದಲೇ ಇದನ್ನು ಗಮನಿಸಿಕೊಳ್ಳಬೇಕು.

ಮುಗಿಯಿತೆಂದು ತಿಳಿಯುವುದು ಹೇಗೆಂದರೆ, 2 ಪಿಪಿಎಂ ಅಮೋನಿಯಾ ಹಾಕಿ 24 ಗಂಟೆ ಬಿಟ್ಟು ನೋಡಿದಾಗ ಅಮೋನಿಯಾವೂ ನೈಟ್ರೈಟೂ ಎರಡೂ ಸೊನ್ನೆ ಇರಬೇಕು. ಒಂದು ಸೊನ್ನೆಯಾದರೆ ಸಾಲದು. ನನಗೆ ಆ ದಿನ ಬಂದದ್ದು 38ನೇ ದಿನ. ಖರ್ಚಿನ ಮಾತು ಹೇಳುವುದಾದರೆ, ತೊಟ್ಟಿ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಲೈಟ್ ಸಾಧಾರಣದ್ದಾದರೂ ನಡೆಯುತ್ತದೆ, ಟೆಸ್ಟ್ ಕಿಟ್ಟಿನಲ್ಲಿ ಮಾತ್ರ ಉಳಿತಾಯ ಬೇಡ.

ಆಮೇಲೆ ಅರ್ಧದಷ್ಟು ನೀರು ಬದಲಿಸಿ ಸೇರಿದ ನೈಟ್ರೇಟ್ ಹೊರಹಾಕಿ. ಮೀನು ಕೊಳ್ಳುವಾಗ ಸಮುದ್ರದಿಂದ ಹಿಡಿದದ್ದೋ ತೊಟ್ಟಿಯಲ್ಲಿ ಹುಟ್ಟಿದ್ದೋ ಎಂದು ಕೇಳಿ. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಅಭಿವೃದ್ಧಿಪಡಿಸಿದೆ, ಅದರ ಒಂದು ಕೇಂದ್ರ ಮಂಗಳೂರಿನಲ್ಲಿಯೇ ಇದೆ. ತೊಟ್ಟಿಯಲ್ಲಿ ಹುಟ್ಟಿದ ಮರಿ ಒಣ ಆಹಾರಕ್ಕೂ ಗಾಜಿನ ಗೋಡೆಗೂ ಒಗ್ಗಿರುತ್ತದೆ. ಮೊದಲು ಒಂದೇ ಮೀನು ಬಿಡಿ, ದಿನಕ್ಕೆ ಎರಡು ಸಲ ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ, ಒಂದು ವಾರ ಪ್ರತಿದಿನ ಅಮೋನಿಯಾ ನೋಡಿ. ಎರಡನೆಯದನ್ನು ಎರಡು ಮೂರು ವಾರ ಬಿಟ್ಟು ತನ್ನಿ.