ಮಲೆಯ ದಾರಿ: ಹಕ್ಕು ಮತ್ತು ಅನುಮತಿ

೧. ಪ್ರಶ್ನೆಯ ಸ್ವರೂಪ

ಮಲೆನಾಡಿನ ಬೆಟ್ಟಗಳನ್ನು ಏರುವ ದಾರಿಗಳು ಯಾರಿಗೆ ಸೇರಿದುವು? ಕುಪ್ಪಳ್ಳಿಯ ಕವಿಶೈಲವನ್ನು ಏರುವವನ ಮನಸ್ಸಿನಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ. ಕುವೆಂಪು ಅವರ ಸಮಾಧಿಯಿರುವ ಆ ಬಂಡೆಗಳ ನೆಲೆಗೆ ಯಾವ ಅನುಮತಿಪತ್ರವೂ ಇಲ್ಲದೆ ಯಾರು ಬೇಕಾದರೂ ನಡೆದುಹೋಗಬಹುದು. ಆದರೆ ಅಲ್ಲಿಂದ ವಾಯವ್ಯಕ್ಕೆ, ಹೊಸನಗರ ತಾಲ್ಲೂಕಿನ ಅಂಚಿನಲ್ಲಿ ನಿಂತಿರುವ ಕೊಡಚಾದ್ರಿಯ ವಿಷಯದಲ್ಲಿ ಸ್ಥಿತಿ ಬೇರೆ. ಅದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡುಗಳ ನಡುವಣ ಗಿರಿ. ಅಲ್ಲಿ ಒಂದು ದಾರಿ ಇಂದು ತೆರೆದಿರಬಹುದು, ನಾಳೆ ಮುಚ್ಚಬಹುದು. ಒಬ್ಬನಿಗೆ ತೆರೆದುದು ಇನ್ನೊಬ್ಬನಿಗೆ ಮುಚ್ಚಿರಬಹುದು.

ಇಂತಹ ಸಂದರ್ಭದಲ್ಲಿ ಏಳುವ ವಾದಗಳನ್ನು ಸಾಮಾನ್ಯವಾಗಿ ‘ಅರಣ್ಯ ಇಲಾಖೆ ಮತ್ತು ಚಾರಣಿಗರ ಜಗಳ’ ಎಂದು ವರ್ಣಿಸುವುದುಂಟು. ಈ ವರ್ಣನೆ ಅಪೂರ್ಣವಾದುದು. ಹಕ್ಕು ಮತ್ತು ಅನುಮತಿ ಎಂಬ ಎರಡು ಭಿನ್ನ ವಸ್ತುಗಳನ್ನು ಒಂದೇ ಎಂದು ಭಾವಿಸಿರುವುದರಿಂದಲೇ ಈ ವಿವಾದದ ಬಹುಭಾಗ ಹುಟ್ಟಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಕೊಡಚಾದ್ರಿಯನ್ನು ಏರುವವರು

ಸಮುದ್ರಮಟ್ಟದಿಂದ ೧,೩೪೩ ಮೀಟರ್ ಎತ್ತರವಿರುವ ಈ ಗಿರಿಯನ್ನು ಏರುವವರಲ್ಲಿ ಮೂರು ವರ್ಗಗಳನ್ನು ಕಾಣಬಹುದು. ಮೊದಲನೆಯವರು ಯಾತ್ರಿಕರು. ಕೊಲ್ಲೂರಿನ ಮೂಕಾಂಬಿಕೆಯ ಮೂಲಸ್ಥಾನ ಈ ಬೆಟ್ಟವೆಂಬುದು ಅವರ ಶ್ರದ್ಧೆ. ಮೇಲಿನ ದೇವಾಲಯ, ಅದರ ಬಳಿಯ ಪ್ರಾಚೀನ ಕಬ್ಬಿಣದ ಕಂಬ, ಶಂಕರಾಚಾರ್ಯರ ಹೆಸರಿನೊಡನೆ ಸೇರಿಕೊಂಡಿರುವ ಸರ್ವಜ್ಞಪೀಠದ ಕಲ್ಲುಮಂಟಪ, ಇಳಿಜಾರಿನಲ್ಲಿರುವ ಚಿತ್ರಮೂಲದ ಗುಹೆ, ಇವು ಅವರ ಗಮ್ಯಗಳು. ಎರಡನೆಯವರು ಬೆಟ್ಟದ ಮೇಲೂ ತಪ್ಪಲಿನಲ್ಲೂ ವಾಸಿಸುವವರು ಮತ್ತು ಅಲ್ಲಿಗೆ ಬರುವವರಿಂದ ಜೀವನ ನಡೆಸುವವರು: ಅರ್ಚಕರ ಮನೆಯವರು, ಕೃಷಿಕರು, ಊಟ ವಸತಿಗಳನ್ನು ಒದಗಿಸುವವರು, ಕಡಿದಾದ ಮಣ್ಣುದಾರಿಯಲ್ಲಿ ಜೀಪು ಓಡಿಸುವವರು. ಮೂರನೆಯವರು ಚಾರಣಿಗರು. ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಮಾರ್ಗವಾಗಿ ನಡೆದು ಏರುವುದೇ ಇವರ ಆನಂದ.

ಈ ಮೂವರೂ ತುಳಿಯುವ ನೆಲ ಒಂದೇ. ಆದರೆ ಅವರು ಯಾವ ಆಧಾರದಿಂದ ತುಳಿಯುತ್ತಾರೆ ಎಂಬುದು ಬೇರೆ ಬೇರೆ. ಈ ಭೇದವನ್ನು ಕಾಯಿದೆ ಎಷ್ಟರಮಟ್ಟಿಗೆ ಗುರುತಿಸುತ್ತದೆ ಎಂಬುದು ಮುಂದಿನ ಪ್ರಶ್ನೆ.

೩. ಕಾಯಿದೆಯ ಮಾತು

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ೨೭ನೆಯ ಪ್ರಕರಣದಂತೆ ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಪ್ರವೇಶಿಸಬಲ್ಲವರು ಕೆಲವರೇ: ಕರ್ತವ್ಯದಲ್ಲಿರುವ ಸರ್ಕಾರಿ ನೌಕರರು, ಧಾಮದ ಮಿತಿಯೊಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮತ್ತು ಇವರ ಅವಲಂಬಿಗಳು. ಉಳಿದವರೆಲ್ಲರೂ ಅನುಮತಿ ಪಡೆಯಬೇಕು. ಅನುಮತಿಯನ್ನು ಯಾವ ಉದ್ದೇಶಗಳಿಗೆ ಕೊಡಬಹುದೆಂಬುದನ್ನು ೨೮ನೆಯ ಪ್ರಕರಣ ಹೇಳುತ್ತದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಮತ್ತು ಧಾಮದೊಳಗಿನ ನಿವಾಸಿಗಳೊಡನೆ ನ್ಯಾಯಸಮ್ಮತ ವ್ಯವಹಾರ. ರಾಷ್ಟ್ರೀಯ ಉದ್ಯಾನಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. ಆದುದರಿಂದ ಕುದುರೆಮುಖದ ಶಿಖರವನ್ನು ಏರುವವನ ಸ್ಥಿತಿಯೂ ಇದೇ.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಪ್ರವಾಸಿಗೆ ಅಲ್ಲಿ ಸ್ಥಾನವಿದೆ, ಯಾತ್ರಿಕನ ಹೆಸರಿಲ್ಲ. ಹೆದ್ದಾರಿಗೆ ವಿನಾಯಿತಿಯಿದೆ, ಕಾಲುದಾರಿಯ ಮಾತಿಲ್ಲ. ತಲೆಮಾರುಗಳಿಂದ ಕಾಡಿನ ದಾರಿಯಲ್ಲಿ ನಡೆದು ದೇವರ ದರ್ಶನ ಮಾಡಿದ ಮನೆತನದವನು ಕಾಯಿದೆಯ ದೃಷ್ಟಿಯಲ್ಲಿ ‘ಪ್ರವಾಸಿ’ ಎಂಬ ವೇಷ ತೊಟ್ಟೇ ಒಳಗೆ ಬರಬೇಕಾಗುತ್ತದೆ. ದಾರಿ ತನ್ನದೆಂದು ತಿಳಿದಿದ್ದವನಿಗೆ ಅದನ್ನು ಕೇಳಿ ಪಡೆಯಬೇಕಾಗಿ ಬಂದಾಗ ಉಂಟಾಗುವ ನೋವು ಶುಲ್ಕದ ರೂಪಾಯಿಗಳಿಂದ ಅಳೆಯತಕ್ಕುದಲ್ಲ.

ಹಾಗಾದರೆ ಹಳೆಯ ಹಕ್ಕುಗಳಿಗೆ ಕಾಯಿದೆಯಲ್ಲಿ ಎಡೆಯೇ ಇಲ್ಲವೇ? ಇದೆ. ವನ್ಯಜೀವಿಧಾಮವನ್ನು ರಚಿಸುವಾಗ ಜಿಲ್ಲಾಧಿಕಾರಿಯು ಆ ನೆಲದ ಮೇಲೆ ಯಾರಿಗೆ ಯಾವ ಹಕ್ಕಿದೆಯೆಂದು ವಿಚಾರಣೆ ನಡೆಸಬೇಕು. ಉದ್ಘೋಷಣೆಯಾದ ಎರಡು ತಿಂಗಳೊಳಗೆ ಹಕ್ಕುದಾರರು ಲಿಖಿತ ಅಹವಾಲನ್ನು ಸಲ್ಲಿಸಬೇಕು. ಮುಖ್ಯ ವನ್ಯಜೀವಿ ಪಾಲಕರೊಡನೆ ಸಮಾಲೋಚಿಸಿ ಯಾವುದೇ ಹಕ್ಕನ್ನು ಮುಂದುವರಿಸಲು ಜಿಲ್ಲಾಧಿಕಾರಿಗೆ ೨೪ನೆಯ ಪ್ರಕರಣದಲ್ಲಿ ಅಧಿಕಾರವಿದೆ. ಆದರೆ ಇಂತಹ ವಿಚಾರಣೆಯಲ್ಲಿ ಹೊಲಗದ್ದೆ ತೋಟಗಳ ಒಡೆಯರು ದಾಖಲೆ ಹಿಡಿದು ಬರಬಲ್ಲರು. ನಡೆಯುವ ದಾರಿಗೆ ದಾಖಲೆ ತರುವವರು ಯಾರು? ಎಲ್ಲರಿಗೂ ಸೇರಿದ ದಾರಿಯ ಪರವಾಗಿ ಅಹವಾಲು ಬರೆಯುವ ಹೊಣೆ ಯಾರೊಬ್ಬನದೂ ಅಲ್ಲ. ಅಧಿಸೂಚನೆಯ ತರುವಾಯ ಹೊಸ ಹಕ್ಕು ಹುಟ್ಟದಂತೆ ೨೦ನೆಯ ಪ್ರಕರಣ ತಡೆಯುವುದರಿಂದ, ಆಗ ಬರೆಯದೆ ಉಳಿದುದನ್ನು ಮುಂದೆ ಸ್ಥಾಪಿಸುವುದು ಕಷ್ಟ.

೨೦೦೬ರ ಅರಣ್ಯ ಹಕ್ಕುಗಳ ಕಾಯಿದೆ ಈ ಕೊರತೆಯನ್ನು ಭಾಗಶಃ ತುಂಬಿತು. ಪರಿಶಿಷ್ಟ ಬುಡಕಟ್ಟುಗಳ ಹಾಗೂ ಇತರ ಪಾರಂಪರಿಕ ಅರಣ್ಯವಾಸಿಗಳ ರೂಢಿಗತ ಹಕ್ಕುಗಳಿಗೆ ಅದು ಮನ್ನಣೆ ನೀಡುತ್ತದೆ. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಡಿಶಾದ ನಿಯಮಗಿರಿಯ ಪ್ರಕರಣದಲ್ಲಿ, ಆ ಬೆಟ್ಟವನ್ನು ಕುರಿತ ಡೋಂಗ್ರಿಯಾ ಕೊಂಧರ ಧಾರ್ಮಿಕ ಹಕ್ಕುಗಳ ಪ್ರಶ್ನೆಯನ್ನು ಗ್ರಾಮಸಭೆಗಳ ಪರಿಶೀಲನೆಗೆ ಬಿಟ್ಟಿತು. ಆದರೆ ಈ ರಕ್ಷಣೆ ಅರಣ್ಯವಾಸಿಗೆ ಮಾತ್ರ. ದೂರದಿಂದ ಬರುವ ಯಾತ್ರಿಕನಿಗಾಗಲಿ ಚಾರಣಿಗನಿಗಾಗಲಿ ಅಲ್ಲ.

೪. ಮಲೆನಾಡು ಬಲ್ಲ ಒಂದು ಭೇದ

ಹಕ್ಕು ಅನುಮತಿಗಳ ನಡುವಣ ಈ ಭೇದ ಸಾಗರ, ಹೊಸನಗರ, ತೀರ್ಥಹಳ್ಳಿಗಳ ರೈತರಿಗೆ ಹೊಸದಲ್ಲ. ಅಡಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ತೋಟದವನ ಸ್ವತ್ತಲ್ಲ. ಆದರೂ ಅಲ್ಲಿಂದ ಸೊಪ್ಪು ತರುವುದು ಯಾರೋ ತೋರಿದ ಕೃಪೆಯೂ ಅಲ್ಲ. ೧೯೬೪ರ ಭೂಕಂದಾಯ ಕಾಯಿದೆಯ ೭೯ನೆಯ ಪ್ರಕರಣವು ಹಳೆಯ ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನ ಬೆಟ್ಟಗಳ ಸವಲತ್ತುಗಳನ್ನು ದಕ್ಷಿಣ ಕನ್ನಡದ ಕುಮ್ಕಿಯೊಡನೆ ಹೆಸರಿಸಿ ಮುಂದುವರಿಸಿತು. ಒಡೆತನಕ್ಕಿಂತ ಕಡಿಮೆಯಾದ, ಅನುಮತಿಗಿಂತ ಹೆಚ್ಚಾದ ಒಂದು ನಡುವಣ ಸ್ಥಾನವನ್ನು ನಮ್ಮ ಕಂದಾಯ ಪದ್ಧತಿ ಹೀಗೆ ಸೊಪ್ಪಿಗೆ ಕೊಟ್ಟಿತು. ಕಾಲುದಾರಿಗೆ ಅಂತಹ ಸ್ಥಾನ ದೊರೆಯಲಿಲ್ಲ.

ಇದು ಅಸಾಧ್ಯವೇನೂ ಅಲ್ಲ. ೧೯೨೭ರ ಭಾರತೀಯ ಅರಣ್ಯ ಕಾಯಿದೆಯ ೨೫ನೆಯ ಪ್ರಕರಣವು ಮೀಸಲು ಅರಣ್ಯದೊಳಗಿನ ದಾರಿಯನ್ನು ಮುಚ್ಚಲು ಅಧಿಕಾರ ಕೊಡುವಾಗಲೇ, ಅನುಕೂಲವಾದ ಬದಲಿ ದಾರಿ ಇರಬೇಕು ಅಥವಾ ಅದನ್ನು ಒದಗಿಸಬೇಕು ಎಂಬ ನಿಬಂಧನೆಯನ್ನು ಸೇರಿಸಿತ್ತು. ದಾರಿಯೂ ಒಂದು ಹಿತವೆಂಬುದನ್ನು ಆಂಗ್ಲರ ಕಾಲದ ಆ ಕಟ್ಟುನಿಟ್ಟಿನ ಶಾಸನವೂ ಒಪ್ಪಿತ್ತು.

೫. ಸಂಖ್ಯೆಯ ಮಿತಿ

ಇಷ್ಟರಿಂದ ನಿರ್ಬಂಧಗಳೆಲ್ಲ ಅನ್ಯಾಯವೆಂದು ತೀರ್ಮಾನಿಸಲಾಗದು. ೨೦೨೪ರ ಜನವರಿಯ ಕೊನೆಯ ವಾರದ ರಜೆಯಲ್ಲಿ ಪುಷ್ಪಗಿರಿ ವನ್ಯಜೀವಿಧಾಮದ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ನುಗ್ಗಿದರು. ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಮಾರ್ಗಗಳಲ್ಲಿ ಚಾರಣವನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅಂತರಜಾಲದ ಮೂಲಕ ನೋಂದಣಿ ಆರಂಭವಾಗಿ, ದಿನವೊಂದಕ್ಕೆ ಒಂದು ಮಾರ್ಗದಲ್ಲಿ ೩೦೦ ಜನರ ಮಿತಿ ಏರ್ಪಟ್ಟಿತು. ಅದಕ್ಕೆ ಮುನ್ನ, ೨೦೧೮ರ ಮಾರ್ಚಿಯಲ್ಲಿ ತಮಿಳುನಾಡಿನ ಕುರಂಗಣಿಯ ಕಾಳ್ಗಿಚ್ಚಿನಲ್ಲಿ ಚಾರಣಿಗರು ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತರಾದುದು, ದಾರಿಯನ್ನು ಮುಚ್ಚದಿರುವುದರ ಬೆಲೆಯೇನೆಂಬುದನ್ನು ತೋರಿಸಿತ್ತು.

ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಮಣ್ಣಿನ ಪದರ ತೆಳು. ಹೆಜ್ಜೆಗಳು ಹುಲ್ಲನ್ನು ಕೊಂದ ಜಾಗವನ್ನು ಮುಂಗಾರಿನ ಮಳೆ ಕೊರೆದು ಕಾಲುವೆ ಮಾಡುತ್ತದೆ, ನಡೆಯುವವರು ಅದನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ, ದಾರಿ ಅಗಲವಾಗುತ್ತದೆ. ಮಳೆಗಾಲದಲ್ಲಿ ಜಾರುವ ಬಂಡೆ ಮತ್ತು ಉಕ್ಕುವ ಹಳ್ಳ, ಬೇಸಗೆಯಲ್ಲಿ ಕಾಳ್ಗಿಚ್ಚು, ಇವು ಋತುಮಾನದ ನಿಷೇಧಗಳಿಗೆ ಸಾಕಾದ ಕಾರಣಗಳು. ಆದರೆ ಎಲ್ಲ ಬೆಟ್ಟಗಳಿಗೂ ಒಂದೇ ಸಂಖ್ಯೆಯನ್ನು ಗೊತ್ತುಪಡಿಸಿದಾಗ ಅದು ನೆಲದ ಧಾರಣಶಕ್ತಿಯ ಅಳತೆಯಾಗುವುದಿಲ್ಲ, ಆಡಳಿತದ ಸೌಕರ್ಯವಾಗುತ್ತದೆ. ಮುನ್ನೂರು ಮಂದಿ ದಿನವಿಡೀ ಹಂಚಿ ನಡೆಯುವುದಕ್ಕೂ ಸೂರ್ಯೋದಯವನ್ನು ನೋಡಲು ಒಂದೇ ಗಂಟೆಯಲ್ಲಿ ಏರುವುದಕ್ಕೂ ಅಂತರ ಬಹಳ.

ಮಿತಿಯ ಭಾರವೂ ಎಲ್ಲರ ಮೇಲೆ ಸಮವಾಗಿ ಬೀಳುವುದಿಲ್ಲ. ದಾರಿ ಮುಚ್ಚಿದರೆ ನಗರದ ಚಾರಣಿಗ ಮತ್ತೊಂದು ಬೆಟ್ಟಕ್ಕೆ ಹೋಗುತ್ತಾನೆ. ತಪ್ಪಲಿನ ಜೀಪಿನವನಿಗೂ ಊಟದ ಮನೆಯವನಿಗೂ ಬೇರೆ ಬೆಟ್ಟವಿಲ್ಲ.

೬. ಅನ್ಯತ್ರ ಕಂಡ ಮಾರ್ಗಗಳು

೧೯೩೨ರ ಏಪ್ರಿಲ್ ೨೪ರಂದು ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಬೆಟ್ಟವನ್ನು ನೂರಾರು ಜನ ನಿಷೇಧ ಮೀರಿ ಏರಿದರು. ಕೆಲವರು ಸೆರೆಮನೆ ಸೇರಿದರು. ೧೯೪೯ ಮತ್ತು ೨೦೦೦ದ ಶಾಸನಗಳು ಅಲ್ಲಿ ನಡೆಯುವವರಿಗೆ ದಾರಿ ತೆರೆದುವು. ನಾರ್ವೆ ೧೯೫೭ರಲ್ಲಿಯೇ ಸಾಗುವಳಿಯಿಲ್ಲದ ನೆಲದಲ್ಲಿ ನಡೆಯುವ ಹಕ್ಕನ್ನು ಶಾಸನವಾಗಿಸಿತು. ಆದರೆ ಕಿಂಡರ್ ಸ್ಕೌಟಿನಲ್ಲಿ ಎದುರಾಳಿ ಬೇಟೆಯ ಸುಖಕ್ಕಾಗಿ ಬೆಟ್ಟವನ್ನು ಬೇಲಿಹಾಕಿದ ಭೂಮಾಲೀಕ. ನಮ್ಮಲ್ಲಿ ನಿಷೇಧಿಸುವುದು ಮಾತಿಲ್ಲದ ಪ್ರಾಣಿಗಳ ಪರವಾಗಿ ನಿಂತ ರಾಜ್ಯ. ಆದುದರಿಂದ ಆ ಉದಾಹರಣೆಯನ್ನು ಹಾಗೆಯೇ ಇಲ್ಲಿಗೆ ತರಲಾಗದು.

ನಮಗೆ ಹತ್ತಿರದ ಪಾಠ ಕೇರಳದ ಅಗಸ್ತ್ಯಕೂಟದ್ದು. ಸ್ತ್ರೀಯರಿಗೆ ಚಾರಣದ ಅನುಮತಿ ನಿರಾಕರಿಸುವುದು ಸಲ್ಲದೆಂದು ೨೦೧೮ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ೨೦೧೯ರ ಜನವರಿಯಿಂದ ಅವರೂ ಏರತೊಡಗಿದರು. ಬೆಟ್ಟವನ್ನು ಪವಿತ್ರವೆಂದು ಭಾವಿಸುವ ಕಾಣಿ ಜನರಿಂದ ಪ್ರತಿಭಟನೆ ಬಂದಿತು. ಅನುಮತಿಯ ನ್ಯಾಯ ಸಮಾನತೆಯದು. ರೂಢಿಯ ಹಕ್ಕಿನ ನ್ಯಾಯ ಬೇರೆ. ಒಂದನ್ನು ನಿರ್ಣಯಿಸಿದ ಮಾತ್ರಕ್ಕೆ ಇನ್ನೊಂದು ಶಾಂತವಾಗುವುದಿಲ್ಲ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ಪ್ರತಿಯೊಂದು ನಿರ್ಬಂಧಿತ ಗಿರಿಯಲ್ಲಿಯೂ ಯಾವ ದಾರಿ ಯಾರ ರೂಢಿಯದೆಂಬುದನ್ನು ಗ್ರಾಮದವರ ಸಮಕ್ಷಮದಲ್ಲಿ ದಾಖಲಿಸಬೇಕು. ಎರಡನೆಯದಾಗಿ, ಸಂಖ್ಯೆಯ ಮಿತಿ ಅನುಮತಿಗೆ ಅನ್ವಯಿಸಬೇಕಲ್ಲದೆ ಹಕ್ಕಿಗೆ ಅಲ್ಲ. ಹಕ್ಕನ್ನು ಕಾಲ ಮತ್ತು ಕ್ರಮದಿಂದ ನಿಯಮಿಸಬಹುದು, ಎಣಿಸಿ ಹಂಚಲಾಗದು. ಮೂರನೆಯದಾಗಿ, ದಾರಿಯನ್ನು ಮುಚ್ಚುವ ಆಜ್ಞೆಯಲ್ಲಿ ಕಾರಣವೂ ತೆರೆಯುವ ದಿನವೂ ಸ್ಪಷ್ಟವಾಗಿರಬೇಕು. ಕಾಡಿನ ಕಾಳ್ಗಿಚ್ಚನ್ನು ಮೊದಲು ಕಾಣುವವನು ತಪ್ಪಲಿನ ನಿವಾಸಿ. ದಾರಿ ತಪ್ಪಿದ ಚಾರಣಿಗನನ್ನು ಹುಡುಕಲು ಮೊದಲು ಹೊರಡುವವನೂ ಅವನೇ. ಅವನನ್ನು ಅಪರಾಧಿಯಂತೆ ಕಂಡು ಕಾಡನ್ನು ಕಾಯುವುದು ಯಾವ ಇಲಾಖೆಗೂ ಸಾಧ್ಯವಾಗದು.