ಬಾಕ್ಸ್ ಮೇಲೆ 4.4 ಗಿಗಾಹರ್ಟ್ಜ್, ಕೆಲಸಕ್ಕೆ ಕೂತರೆ ಯಾಕಿಲ್ಲ?

ಕಂಪ್ಲಿ: ಮದುವೆ ಸೀಸನ್‌ನಲ್ಲಿ ಫೋಟೊ ಸ್ಟುಡಿಯೊದವರಿಗೆ ಎಡಿಟಿಂಗ್ ಕೆಲಸ ಹಗಲು ರಾತ್ರಿ ಇರುತ್ತದೆ. ವಿಡಿಯೊ ರೆಂಡರ್‌ಗೆ ಹಾಕಿದಾಗ ಲ್ಯಾಪ್‌ಟಾಪ್ ಮೊದಲು ಜೋರಾಗಿ ಓಡಿ, ಆಮೇಲೆ ನಿಧಾನ ಆಗುತ್ತದೆ. ವೈರಸ್ ಇರಬೇಕು ಅಂತ ಫಾರ್ಮ್ಯಾಟ್ ಮಾಡಿಸೋರೂ ಇದ್ದಾರೆ. ಬಹಳ ಸಲ ಅದು ದಂಡದ ಖರ್ಚು.

ಬಾಕ್ಸ್ ಮೇಲೆ ಬರೆದಿರೋದು ‘4.4 ಗಿಗಾಹರ್ಟ್ಜ್ ವರೆಗೆ’ ಅಂತ. ಆ ‘ವರೆಗೆ’ಯಲ್ಲೇ ಎಲ್ಲ ಇದೆ. ಇಂಟೆಲ್‌ನ ಐ5-1235ಯು ಪ್ರೊಸೆಸರ್ ತೆಗೆದುಕೊಳ್ಳಿ. ಅದರ ಮೂಲ ವಿದ್ಯುತ್ ಮಿತಿ 15 ವ್ಯಾಟ್. ಟರ್ಬೊದಲ್ಲಿ 55 ವ್ಯಾಟ್‌ವರೆಗೆ ಎಳೆಯಬಹುದು. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಏರಬೇಕು, ವೋಲ್ಟೇಜ್ ದುಪ್ಪಟ್ಟಾದರೆ ಅದೊಂದರಿಂದಲೇ ವಿದ್ಯುತ್ ಖರ್ಚು ನಾಲ್ಕು ಪಟ್ಟು. ಹಾಗಾಗಿ ಕೊನೆಯ ಸ್ವಲ್ಪ ವೇಗವೇ ಭಾರಿ ದುಬಾರಿ.

ಮೊದಲಿಗೆ ಹೀಟ್‌ಸಿಂಕ್‌ನ ತಾಮ್ರ ತಣ್ಣಗಿರುತ್ತದೆ. ಒಲೆ ಮೇಲಿಟ್ಟ ಹೆಂಚು ಕಾಯೋಕೆ ಹೊತ್ತು ಬೇಕಲ್ಲ, ಹಾಗೆ. ಆ ಹೊತ್ತನ್ನೇ ಚಿಪ್ ಬಳಸಿಕೊಳ್ಳುತ್ತದೆ. ಜೊತೆಗೆ ತಾನು ಎಳೆದ ವಿದ್ಯುತ್ತಿನ ಸರಾಸರಿ ಲೆಕ್ಕವನ್ನೂ ಇಡುತ್ತದೆ. ಸರಾಸರಿ ಮಿತಿ ಮುಟ್ಟಿತೋ, ವೇಗ ತಾನೇ ಇಳಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಮತ್ತೆ ಓಡೋಕೆ ಅವಕಾಶ ಸಿಗುತ್ತದೆ. ಈ ಮಿತಿಗಳನ್ನು ಲ್ಯಾಪ್‌ಟಾಪ್ ಕಂಪನಿಯೂ ಬದಲಿಸಬಹುದು. ಅದಕ್ಕೇ ಒಂದೇ ಪ್ರೊಸೆಸರ್ ಇದ್ದರೂ ತೆಳ್ಳನೆಯ ಮಾಡೆಲ್ ಬೇಗ ಸೋಲುತ್ತದೆ, ದಪ್ಪನೆಯದು ತಾಳುತ್ತದೆ.

ಇನ್ನು ನಮ್ಮ ಬಳ್ಳಾರಿ ಕಡೆ ಬೇಸಿಗೆ. ಇಂಥ ಚಿಪ್‌ನ ಉಷ್ಣಾಂಶದ ಮಿತಿ 100 ಡಿಗ್ರಿ. ಕೋಣೆ 25 ಡಿಗ್ರಿ ಇದ್ದರೆ ನಡುವಿನ ಅಂತರ 75. ಕೋಣೆಯೇ 40 ಆದರೆ ಬರೀ 60. ಶಾಖ ಹೊರಹೋಗೋದು ಈ ಅಂತರದ ಮೇಲೆ. ಅಂದರೆ ಫ್ಯಾನ್ ಅಷ್ಟೇ ತಿರುಗಿದರೂ ಐದರಲ್ಲಿ ಒಂದು ಪಾಲು ಶಾಖ ಕಡಿಮೆ ಹೋಗುತ್ತದೆ. ಮೇಲೆ ಧೂಳು ಬೇರೆ. ಹಾಸಿಗೆ ಮೇಲಿಟ್ಟರೆ ಗಾಳಿ ದಾರಿಯೂ ಬಂದ್.

ರಿಪೇರಿಗೆ ಒಯ್ಯುವ ಮುಂಚೆ ಚಾರ್ಜರ್ ಹಾಕಿ ನೋಡಿ. ಬ್ಯಾಟರಿ ಮೇಲಿದ್ದಾಗ ಎಷ್ಟೋ ಲ್ಯಾಪ್‌ಟಾಪ್‌ಗಳು ಮಿತಿಯನ್ನು ತಾವೇ ತಗ್ಗಿಸುತ್ತವೆ. ಆಮೇಲೆ ಎಚ್‌ಡಬ್ಲ್ಯುಇನ್ಫೊದಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಉಷ್ಣಾಂಶ ನೋಡಿ. ವೇಗ ಬೀಳುವಾಗ 95–100 ಡಿಗ್ರಿ ತೋರಿಸಿದರೆ ಫ್ಯಾನ್ ಕ್ಲೀನ್ ಮಾಡಿಸಿ, ಥರ್ಮಲ್ ಪೇಸ್ಟ್ ಹೊಸದು ಹಾಕಿಸಿದರೆ ಉಪಯೋಗ ಇದೆ. 70ರ ಆಸುಪಾಸಿನಲ್ಲೇ ವೇಗ ಇಳಿದರೆ ಅದು ಹೆಚ್ಚಾಗಿ ವಿದ್ಯುತ್ ಮಿತಿ. ಎಷ್ಟು ಸಲ ಕ್ಲೀನ್ ಮಾಡಿಸಿದರೂ ಏರೋದಿಲ್ಲ.